ತಕ್ಕಡಿಯೊಳಗಿನ ಬಡ್ಡಿ

2025ರ ಫೆಬ್ರವರಿ. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದ ವಾರ. ರಾಜ್ಯಪಾಲರು ಮೊದಲು ವಾಪಸ್ ಕಳಿಸಿ, ಆಮೇಲೆ 12ನೇ ತಾರೀಖು ಅಂಕಿತ ಹಾಕಿದ್ದರು. ಸ್ಟುಡಿಯೋದಲ್ಲಿ ಎಂದಿನಂತೆ ನಾಲ್ಕು ಜನ ಅತಿಥಿಗಳು, ನಾಲ್ವರದ್ದೂ ಏರು ದನಿ. ನೋಂದಣಿ ಇಲ್ಲದ ಲೇವಾದೇವಿದಾರ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ಮನ್ನಾ, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು. ಸ್ಕ್ರೀನ್ ಮೇಲೆ ಕೆಂಪು ಅಕ್ಷರ ಓಡುತ್ತಿತ್ತು. ಆಗ ಸಿದ್ದಾಪುರ ಕಡೆಯಿಂದ ಒಬ್ಬರು ಮಹಿಳೆ ಫೋನ್ ಮಾಡಿದರು. ಕೂಗಾಡಲಿಲ್ಲ. 'ಮನ್ನಾ ಆದ್ರೆ ಒಳ್ಳೇದೇ ಸರ್. ಆದ್ರೆ ಬರೋ ಜೂನ್ ತಿಂಗಳಲ್ಲಿ ಮಕ್ಕಳ ಫೀಸಿಗೆ ನಾನು ಯಾರ ಹತ್ರ ಹೋಗ್ಲಿ?' ಅಂದರು.

ನಾನು ಬ್ರೇಕ್ ತೆಗೆದುಕೊಂಡೆ. ಉತ್ತರ ಗೊತ್ತಿಲ್ಲದಾಗ ಆಂಕರ್‌ಗಳು ಮಾಡುವುದು ಅದನ್ನೇ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಯಾಕಂದ್ರೆ ನನ್ನ ಅಜ್ಜನ ಮನೆ ಇರುವುದೂ ಅದೇ ಸಿದ್ದಾಪುರ ತಾಲ್ಲೂಕಿನಲ್ಲಿ. ಸಾಲದ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ನೂರು ವರ್ಷದ ಹಿಂದೆ ಮಾಡಿದ ಒಂದು ಕೆಲಸವನ್ನು ದೇಶ ಬಹಳ ತಡವಾಗಿ ಗುರುತಿಸಿತು. ಆ ಕಥೆ ನಿಮಗೆ ಹೇಳಬೇಕು. ಅದರಲ್ಲಿ ಬಿಟ್ಟುಹೋದವರ ಕಥೆಯನ್ನೂ.

ಮೊದಲು ಅಡಿಕೆ ತೋಟ ಅಂದರೆ ಏನು ಅಂತ ಬಯಲುಸೀಮೆಯ ವೀಕ್ಷಕರಿಗೆ ಹೇಳಿಬಿಡುತ್ತೇನೆ. ಸಸಿ ನೆಟ್ಟರೆ ಸರಿಯಾದ ಫಸಲು ಬರಲು ಆರೇಳು ವರ್ಷ ಬೇಕು. ಬಂದ ಮೇಲೂ ವರ್ಷಕ್ಕೆ ಒಂದೇ ಕೊಯ್ಲು. ಮಳೆಗಾಲದಲ್ಲಿ ಖರ್ಚೋ ಖರ್ಚು, ಹಣ ಕಾಣುವುದು ಚಳಿಗಾಲ ಕಳೆದ ಮೇಲೆ. ನಡುವೆ ಮದುವೆ, ಬಾಣಂತನ, ತಿಥಿ, ಕೋರ್ಟು, ಅಣ್ಣತಮ್ಮಂದಿರ ಹಿಸ್ಸೆ ಯಾವುದೂ ಕೊಯ್ಲಿಗೆ ಕಾಯುವುದಿಲ್ಲ. ಅಂದ್ರೆ ವರ್ಷಕ್ಕೊಂದೇ ಸಂಬಳ ಬರುವ ಮನೆ. ಇಂಥ ಮನೆಯಲ್ಲಿ ಸಾಲ ದುಂದುವೆಚ್ಚದ ಗುರುತಲ್ಲ, ಅದು ಕಾಯುವುದರ ಬೆಲೆ. ಒಂದು ಮಳೆಗಾಲ ಕೊಳೆರೋಗ ಜೋರಾಗಿ ಬಂದರೆ ಆ ವರ್ಷದ ಲೆಕ್ಕವೇ ಮುಗಿಯಿತು. 1910ರ ಸುಮಾರಿಗೆ ಮೈಸೂರಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಅಧ್ಯಯನ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಮಲೆನಾಡಿಗೆ ಬಂತು. ಅದಕ್ಕೂ ಮುಂಚೆ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಉಳಿಸಿಕೊಳ್ಳುತ್ತಿದ್ದರು. ದ್ರಾವಣದಿಂದ ಬೆಳೆ ಉಳಿಯಿತು ನಿಜ. ಆದರೆ ಜೂನ್‌ನಲ್ಲಿ ಮೈಲುತುತ್ತ ಕೊಳ್ಳಲು ರೊಕ್ಕ ಬೇಕಲ್ಲ? ಬೆಳೆ ಉಳಿಸಿಕೊಳ್ಳಲು ಮತ್ತೆ ಸಾಲ.

ಈ ಸಾಲ ಕೊಡುತ್ತಿದ್ದವರು ಯಾರು? ಅಡಿಕೆ ಕೊಳ್ಳುವ ವ್ಯಾಪಾರಿಗಳೇ. ಈ ಸೀಮೆಯಲ್ಲಿ ಅವರ ಅಂಗಡಿ-ಗೋದಾಮಿಗೆ ವಖಾರಿ ಅಂತಾರೆ. ಮಳೆಗಾಲಕ್ಕೆ ಮುಂಗಡ ತಂದರೆ ಕೊಯ್ಲಿನ ಅಡಿಕೆ ಅದೇ ವಖಾರಿಗೆ ಹೋಗಬೇಕು. ರೇಟು ಹೇಳುವವನು ಅವನೇ, ತಕ್ಕಡಿ ಹಿಡಿಯುವವನೂ ಅವನೇ, ಲೆಕ್ಕದ ಪುಸ್ತಕ ಬರೆಯುವವನೂ ಅವನೇ. ಇದು ಶಿರಸಿಯೊಂದರ ಕಥೆಯಲ್ಲ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ 1928ರಲ್ಲಿ ಕೊಟ್ಟ ವರದಿಯಲ್ಲಿ ದೇಶದ ಮಾರುಕಟ್ಟೆಗಳ ಇಂಥ ಕೈಚಳಕಗಳು ದಾಖಲಾಗಿವೆ. ಸರಿಯಿಲ್ಲದ ತೂಕ, ಧರ್ಮದ ಹೆಸರಿನಲ್ಲಿ ಕಡಿತ, ನಮೂನೆ ಅಂತ ಎತ್ತಿಕೊಳ್ಳುವ ಹಿಡಿ, ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ ಮಾಡುವ ವ್ಯಾಪಾರ, ಹೀಗೆ.

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ಸಮಾಧಾನ ಇಲ್ಲ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜೂನ್‌ನಲ್ಲಿ 1,000 ರೂಪಾಯಿ ಸಾಲ, ವರ್ಷಕ್ಕೆ ಶೇ. 12 ಬಡ್ಡಿ. ಒಂಬತ್ತು ತಿಂಗಳು ಕಳೆದು ಮಾರ್ಚ್‌ನಲ್ಲಿ ತೀರಿಸಿದರೆ ಬಡ್ಡಿ 90 ರೂಪಾಯಿ. ಪರವಾಗಿಲ್ಲ ಅನಿಸುತ್ತೆ, ಅಲ್ವಾ? ಈಗ ಅದೇ ರೈತ 3,000 ರೂಪಾಯಿ ಬೆಲೆಬಾಳುವ ಅಡಿಕೆಯನ್ನು ಅದೇ ವಖಾರಿಗೆ ಹಾಕುತ್ತಾನೆ. ರೇಟಿನಲ್ಲಿ ಒಂದಿಷ್ಟು, ತೂಕದಲ್ಲಿ ಒಂದಿಷ್ಟು ಅಂತ ನೂರಕ್ಕೆ ಹತ್ತು ಹೋಯಿತು ಅನ್ನಿ. ಅಲ್ಲಿಗೆ 300 ರೂಪಾಯಿ. ಎರಡೂ ಸೇರಿ 390. ಒಂಬತ್ತು ತಿಂಗಳಿಗೆ 390 ಅಂದರೆ ವರ್ಷಕ್ಕೆ ಶೇ. 52! ಪತ್ರದಲ್ಲಿ ಬರೆದಿರುವುದು 12. ಉಳಿದ 40 ಇದ್ದದ್ದು ತಕ್ಕಡಿಯಲ್ಲಿ.

ಸರ್ಕಾರಕ್ಕೆ ಪತ್ರ ಕಾಣುತ್ತಿತ್ತು, ತಕ್ಕಡಿ ಕಾಣುತ್ತಿರಲಿಲ್ಲ. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಕೋರ್ಟುಗಳಲ್ಲಿ ದಾಮದುಪ್ಪಟ್ಟು ಅನ್ನುವ ಹಳೆಯ ಹಿಂದೂ ನಿಯಮ ನಡೆಯುತ್ತಿತ್ತು. ಬಾಕಿ ಬಡ್ಡಿ ಅಸಲನ್ನು ಮೀರುವಂತಿಲ್ಲ. ಒಳ್ಳೆಯ ನಿಯಮ. ಸಾಹುಕಾರ ಏನು ಮಾಡಿದ? ಬಡ್ಡಿ ಅಸಲಿನ ಹತ್ತಿರ ಬಂದ ಕೂಡಲೇ ಎರಡನ್ನೂ ಕೂಡಿಸಿ ಹೊಸ ಪತ್ರ ಬರೆಸಿಕೊಂಡ. ಹಳೇ ಬಡ್ಡಿ ಈಗ ಹೊಸ ಅಸಲು. 1875ರಲ್ಲಿ ಪುಣೆ ಮತ್ತು ಅಹ್ಮದ್‌ನಗರದ ರೈತರು ದಂಗೆ ಎದ್ದು ಸುಟ್ಟಿದ್ದು ಇಂಥ ಪತ್ರಗಳನ್ನೇ. 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂದಿದ್ದು ಆ ಬೆಂಕಿಯಿಂದ. ಪತ್ರದ ಹಿಂದಿನ ಅಸಲಿ ಲೆಕ್ಕ ಕೆದಕಲು ಅದು ಕೋರ್ಟಿಗೆ ಅಧಿಕಾರ ಕೊಟ್ಟಿತು.

ಹೊಸ ಪತ್ರದ ಈ ಆಟ ನನಗೆ ಓದಿ ಗೊತ್ತಾಗಿದ್ದಲ್ಲ. ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಾಗ ನನ್ನ ಹತ್ತಿರ ಎರಡು ಕ್ರೆಡಿಟ್ ಕಾರ್ಡ್, ಒಂದು ಬೈಕ್ ಲೋನ್, ಮೇಲೆ ಓದಿನ ಸಾಲ. ತಿಂಗಳು ತಿಂಗಳು 'ಮಿನಿಮಮ್ ಡ್ಯೂ' ಕಟ್ಟುತ್ತಿದ್ದೆ. ಉಳಿದ ಬಾಕಿಗೆ ಬಡ್ಡಿ, ಆ ಬಡ್ಡಿಗೂ ಬಡ್ಡಿ. 1870ರ ರೈತನಿಗಾದರೂ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಾಗ ಗೊತ್ತಾಗುತ್ತಿತ್ತು. ನನ್ನದು ತಾನಾಗೇ ನವೀಕರಣ ಆಗುತ್ತಿತ್ತು! ಒಮ್ಮೆ ಊರಿಗೆ ಹೋದಾಗ ಮಾವನ ಹತ್ತಿರ ಬಾಯಿಬಿಟ್ಟೆ. ಬೈಯ್ತಾರೆ ಅಂದುಕೊಂಡಿದ್ದೆ. ಮಾವ ಕೇಳಿದ್ದು ಒಂದೇ ಪ್ರಶ್ನೆ. 'ತಮಾ, ನಿನ್ನ ಕೊಯ್ಲು ಯಾವಾಗ?'

ಸಂಬಳ ತಿಂಗಳ ಕೊನೆ ದಿನ, ಕಾರ್ಡಿನ ಗಡುವು 20ನೇ ತಾರೀಖು, ಅಷ್ಟರಲ್ಲಿ ಕೈ ಖಾಲಿ. ಕೊಯ್ಲಿಗೆ ಮುಂಚೆ ಕಂತು. ಬೈಕ್ ಮಾರಿದೆ, ಕಾರ್ಡುಗಳನ್ನು ಮುಚ್ಚಿದೆ, ಉಳಿದ ಕಂತನ್ನು ಸಂಬಳದ ಮರುದಿನಕ್ಕೆ ಹಾಕಿಸಿಕೊಂಡೆ. ಎರಡು ವರ್ಷ ಹಿಡಿಯಿತು. ಅದು ಅಷ್ಟು ದೊಡ್ಡ ಕಥೆಯೇನಲ್ಲ. ಆದರೆ ಮಾವನಿಗೆ ಆ ಪ್ರಶ್ನೆ ಎಲ್ಲಿಂದ ಬಂತು ಅನ್ನುವುದು ದೊಡ್ಡ ಕಥೆ.

1904ರಲ್ಲಿ ಬ್ರಿಟಿಷರು ಸಹಕಾರಿ ಕಾಯ್ದೆ ತಂದರು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು ನಿಮಗೆ ಗೊತ್ತು. ಅದು ಪತ್ತಿನ ಸಂಘ. ಆ ಕಾಯ್ದೆಯಲ್ಲಿ ಅವಕಾಶ ಇದ್ದದ್ದೇ ಸಾಲ ಕೊಡುವ ಸಂಘಗಳಿಗೆ. ಮಾರಾಟ ಸಂಘ ಕಟ್ಟಲು ದಾರಿ ತೆರೆದದ್ದು 1912ರ ಎರಡನೇ ಕಾಯ್ದೆ. 1920ರಲ್ಲಿ ಉತ್ತರ ಕನ್ನಡಕ್ಕೆ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕ್ ಬಂತು, ಇವತ್ತಿಗೂ ಅದರ ಪ್ರಧಾನ ಕಚೇರಿ ಶಿರಸಿಯಲ್ಲೇ. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಸಂಘ ಕಟ್ಟಿದರು. ಹೆಸರು ಗಮನಿಸಿ: ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ಊರವರ ಬಾಯಲ್ಲಿ ಟಿಎಸ್ಎಸ್. ಹೆಸರಿನಲ್ಲಿರುವುದು ಸೇಲ್. ಸಾಲದಲ್ಲಿ ಮುಳುಗಿದ್ದವರು ಕಟ್ಟಿಕೊಂಡಿದ್ದು ಸಾಲದ ಸಂಘವನ್ನಲ್ಲ, ತಮ್ಮದೇ ತಕ್ಕಡಿಯನ್ನು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಪದ್ಧತಿ ಸರಳ. ಅಡಿಕೆ ಸಂಘದ ಅಂಗಳಕ್ಕೆ ಬರುತ್ತದೆ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೋಕಾ ಅಂತ ಬೇರೆ ಬೇರೆ ರಾಶಿ. ವ್ಯಾಪಾರಿಗಳು ಟೆಂಡರ್ ಬರೆದು ಹಾಕುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಮಳೆಗಾಲಕ್ಕೆ ಬೇಕಾದ ಹಣವನ್ನು ಸಂಘವೇ ಮುಂಗಡವಾಗಿ ಕೊಡುತ್ತದೆ, ನೀವು ವರ್ಷ ವರ್ಷ ಎಷ್ಟು ಅಡಿಕೆ ಹಾಕುತ್ತೀರಿ ಅನ್ನುವುದನ್ನು ನೋಡಿ. ಮಾರಾಟದ ಹಣದಲ್ಲಿ ಅದು ಮುರಿದುಕೊಳ್ಳುತ್ತದೆ. ಈ ಕಡೆ ಆಸಾಮಿ ಖಾತೆ ಅನ್ನುತ್ತಾರೆ. ಸಿದ್ದಾಪುರ, ಯಲ್ಲಾಪುರಗಳಲ್ಲೂ ಇದೇ ರೀತಿಯ ಸಂಘಗಳು, ಶಾಖೆಗಳು ಬೆಳೆದವು. ಕಂತು ಬರುವುದು ಕೊಯ್ಲು ಬಂದಾಗ.

1929ರ ನಂತರ ಜಗತ್ತಿನಾದ್ಯಂತ ಕೃಷಿ ಬೆಲೆ ಕುಸಿಯಿತು. ಕಂದಾಯ, ಸಾಲ ಮಾತ್ರ ಹಳೇ ರೂಪಾಯಿಯಲ್ಲೇ ನಿಂತಿದ್ದವು. ಅಂಥ ಹೊತ್ತಿನಲ್ಲೇ ಸಿದ್ದಾಪುರ, ಅಂಕೋಲೆಯ ರೈತರು ಕರನಿರಾಕರಣೆಗೆ ಇಳಿದು ಜಮೀನು ಮುಟ್ಟುಗೋಲು ಹಾಕಿಸಿಕೊಂಡರು. ಅದನ್ನು ವಾಪಸ್ ಕೊಡಿಸಲು ಮುಂಬೈನಲ್ಲಿ ಖೇರ್ ಸರ್ಕಾರ ಬಂದು 1938ರಲ್ಲಿ ಕಾನೂನು ಮಾಡಬೇಕಾಯಿತು. 1939ರಲ್ಲಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆ, 1947ರಲ್ಲಿ ಮತ್ತೆ ಅದೇ ಹೆಸರಿನ ಹೊಸ ಕಾಯ್ದೆ.

ಹಾಗಾದರೆ ದೇಶದ ಉಳಿದ ಕಡೆ? 1951-52ರಲ್ಲಿ ರಿಸರ್ವ್ ಬ್ಯಾಂಕ್ ನಡೆಸಿದ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸಹಕಾರಿಗಳ ಪಾಲು ನೂರಕ್ಕೆ ಬರೀ 3 ರೂಪಾಯಿ. ಲೇವಾದೇವಿದಾರರದ್ದು ಸುಮಾರು 70. ಗೋರ್ವಾಲಾ ಸಮಿತಿ 1954ರಲ್ಲಿ ಕೊಟ್ಟ ಮುಖ್ಯ ಶಿಫಾರಸು ಏನು ಗೊತ್ತಾ? ಸಾಲವನ್ನು ಮಾರಾಟದ ಜೊತೆ ಜೋಡಿಸಿ. ಶಿರಸಿಯವರು ಅದನ್ನು ಶುರು ಮಾಡಿ ಆಗಲೇ ಮೂವತ್ತು ವರ್ಷ ಆಗಿತ್ತು.

ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತೆ. ಆದರೆ ಫೋನ್ ಮಾಡಿದ ಆ ಮಹಿಳೆ?

ಆಸಾಮಿ ಖಾತೆ ಬೇಕು ಅಂದರೆ ಅಡಿಕೆ ಇರಬೇಕು. ಅಡಿಕೆ ಇರಬೇಕು ಅಂದರೆ ತೋಟ ಇರಬೇಕು. ಗೊನೆ ಇಳಿಸುವವರು, ಸುಲಿಯುವವರು, ಸೊಪ್ಪು ಹೊರುವವರು, ಯಲ್ಲಾಪುರದ ಕಾಡಂಚಿನಿಂದ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಕುಟುಂಬಗಳು, ಇವರ ಸಾಲ ಯಾವ ಸಂಘದ ಪುಸ್ತಕಕ್ಕೂ ಬರಲಿಲ್ಲ. ಅದು ಒಡೆಯರ ಮನೆಯ ಜಗುಲಿಯಲ್ಲೇ ಉಳಿಯಿತು, ದುಡಿಮೆಯಲ್ಲಿ ತೀರಬೇಕಾಗಿತ್ತು. 1974ರ ಭೂಸುಧಾರಣೆ ಗೇಣಿದಾರನಿಗೆ ನೆಲ ಕೊಟ್ಟಿತು, ಬರೀ ಕೂಲಿ ಮಾಡುವವರಿಗೆ ಕೊಡಲಿಲ್ಲ. 1976ರಲ್ಲಿ ಜೀತ ರದ್ದಾಯಿತು. ಅದೇ ವರ್ಷ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲ ಅಳಿಸಿಹಾಕಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಹಳೇ ಬಾಕಿ ಅಳಿಸಿದ ಮರುದಿನದ ಅಕ್ಕಿಗೆ, ಔಷಧಿಗೆ ಯಾರ ಬಾಗಿಲಿಗೆ ಹೋಗಬೇಕು ಅನ್ನುವುದನ್ನು ಆ ಕಾಯ್ದೆ ಹೇಳಲಿಲ್ಲ. 2025ರದ್ದೂ ಹೇಳುವುದಿಲ್ಲ. ಆ ಖಾಲಿ ಜಾಗಕ್ಕೇ ಅಲ್ವಾ ವಾರದ ಕಂತಿನವರು ಬಂದಿದ್ದು? ಅಡಿಕೆ ಸುಲಿಯುವ ಕೆಲಸ ಇರುವುದು ಕೊಯ್ಲಿನ ನಾಲ್ಕು ತಿಂಗಳು. ವಾರದ ಕಂತು ವರ್ಷದ ಐವತ್ತೆರಡು ವಾರವೂ ಬರುತ್ತದೆ, ಆಷಾಢದ ಮಳೆಯಲ್ಲೂ.

ಈ ಲೇಖನಕ್ಕಾಗಿಯೇ ಮತ್ತೆ ಅಜ್ಜನ ಮನೆಗೆ ಹೋಗಿದ್ದೆ. ಮಾವ ಹೆಮ್ಮೆಯಿಂದ ಸೊಸೈಟಿಯ ಪಾಸ್‌ಬುಕ್ಕುಗಳನ್ನು ತೆಗೆದು ಹರಡಿದರು. ನಾನು ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ತಾರೀಖಿನ ಚೌಕಗಳಲ್ಲಿ ಅತ್ತೆ ಪೆನ್ಸಿಲ್‌ನಲ್ಲಿ ಬರೆದಿದ್ದರು: ಸುಲಿಯಲು ಬರುವವರಲ್ಲಿ ಯಾರಿಗೆ ಎಷ್ಟು ಮುಂಗಡ, ಯಾರದ್ದು ಎಷ್ಟು ಡಬ್ಬ. ಮುಂಗಡ ಕೊಡುವುದೂ ನಾವೇ, ಡಬ್ಬ ಅಳೆಯುವುದೂ ನಾವೇ, ಡಬ್ಬಕ್ಕೆ ಇಷ್ಟು ಅಂತ ರೇಟು ಹೇಳುವುದೂ ನಾವೇ.

ಅದನ್ನು ಮಾವನಿಗೆ ಹೇಳಿದೆ. ಅವರಿಗೆ ಸಿಟ್ಟು ಬಂತು. 'ನಮ್ಮನೆ ಎಂತ ವಖಾರಿಯೇನಾ ತಮಾ?' ಅಂದರು. ನಾನು ಸುಮ್ಮನಾದೆ. ಅತ್ತೆ ಕ್ಯಾಲೆಂಡರನ್ನು ಮೊಳೆಯಿಂದ ಬಿಡಿಸಿ ತಂದು, ಪಾಸ್‌ಬುಕ್ಕುಗಳ ಪಕ್ಕದಲ್ಲಿ ಇಟ್ಟರು.