ಇಲ್ಲದ ಫೆಬ್ರವರಿ 29: ಆಫೀಸ್ ಫೈಲ್ ಫಾರ್ಮ್ಯಾಟ್‌ಗಳ ಹೊಂದಾಣಿಕೆಯ ಚರಿತ್ರೆ

ಎಕ್ಸೆಲ್‌ನ ಖಾಲಿ ಕೋಶವೊಂದರಲ್ಲಿ 60 ಎಂದು ಬರೆದು ಅದನ್ನು ದಿನಾಂಕವಾಗಿ ತೋರಿಸಲು ಹೇಳಿದರೆ 1900ರ ಫೆಬ್ರವರಿ 29 ಎಂದು ಬರುತ್ತದೆ. ಅಂಥ ದಿನವೇ ಇರಲಿಲ್ಲ. ನೂರರಿಂದ ಭಾಗವಾಗುವ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. 1900 ಹಾಗೆ ಭಾಗವಾಗುವುದಿಲ್ಲ. ತಪ್ಪಿನ ಮೂಲ 1983ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ 1-2-3 ತಂತ್ರಾಂಶದಲ್ಲಿದೆ. ಲೋಟಸ್ ಬಳಸುತ್ತಿದ್ದವರನ್ನು ತನ್ನತ್ತ ಸೆಳೆಯಬೇಕಿದ್ದ ಮೈಕ್ರೋಸಾಫ್ಟ್, ಅವರ ಹಳೆಯ ಲೆಕ್ಕಪತ್ರಗಳಲ್ಲಿ ಒಂದು ದಿನವೂ ಆಚೀಚೆ ಆಗಬಾರದೆಂದು ಆ ತಪ್ಪನ್ನೇ ತಿಳಿದೂ ತಿಳಿದೂ ಉಳಿಸಿಕೊಂಡಿತು. ಓಪನ್‌ಆಫೀಸ್ ಬೇರೆ ದಾರಿ ಹಿಡಿದು, ದಿನದೆಣಿಕೆಯ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಇಟ್ಟಿತು. ಹೀಗಾಗಿ 1900ರ ಮಾರ್ಚ್ 1ರಿಂದ ಈಚೆಗೆ ಎರಡರ ಲೆಕ್ಕವೂ ಕೂಡುತ್ತದೆ. ಅದಕ್ಕೆ ಹಿಂದಿನ ಎರಡು ತಿಂಗಳಲ್ಲಿ ಮಾತ್ರ ಒಂದು ದಿನದ ವ್ಯತ್ಯಾಸ ಉಳಿದಿದೆ.

ಆಫೀಸ್ ತಂತ್ರಾಂಶಗಳ ಪೈಪೋಟಿಯನ್ನು ಸಾಮಾನ್ಯವಾಗಿ ಮುಚ್ಚಿಟ್ಟ ಫಾರ್ಮ್ಯಾಟಿಗೂ ಮುಕ್ತ ಫಾರ್ಮ್ಯಾಟಿಗೂ ನಡೆದ ಜಗಳವೆಂದು ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಫೈಲಿನಲ್ಲಿ ಏನು ಬರೆದಿದೆ ಎಂಬುದು ಬಹಿರಂಗವಾದ ಮೇಲೂ, ಅದನ್ನು ಓದಿದ ತಂತ್ರಾಂಶ ಏನು ಮಾಡಬೇಕು ಎಂಬುದು ಬಹುಕಾಲ ಬರಹಕ್ಕೆ ಇಳಿಯಲಿಲ್ಲ. ಹೊಂದಾಣಿಕೆ ಮುರಿದದ್ದು ಹೆಚ್ಚಾಗಿ ಈ ಎರಡರ ನಡುವಿನ ಬಿರುಕಿನಲ್ಲಿ ಎಂಬುದೇ ಈ ಲೇಖನದ ವಾದ.

ಮೊದಲು ಹಳೆಯ ಡಾಕ್ ಫೈಲು. ಅದನ್ನು ರೂಪಿಸಿದ್ದು ನಿಧಾನದ ಯಂತ್ರಗಳ ಕಾಲದಲ್ಲಿ. ವರ್ಡ್ 97ರ ಫೈಲಿನ ಒಳಗೆ ಪುಟ್ಟದೊಂದು ಡಿಸ್ಕಿನ ವ್ಯವಸ್ಥೆಯೇ ಇರುತ್ತದೆ: 512 ಬೈಟುಗಳ ತುಂಡುಗಳು, ಯಾವ ತುಂಡಿನ ನಂತರ ಯಾವುದನ್ನು ಓದಬೇಕೆಂದು ಹೇಳುವ ಕೋಷ್ಟಕ. ಪಠ್ಯವೂ ಒಂದೇ ಓಟದಲ್ಲಿ ಇರಬೇಕಿಲ್ಲ. 'ಫಾಸ್ಟ್ ಸೇವ್' ಎಂಬ ಸೌಲಭ್ಯ ಆನ್ ಆಗಿದ್ದರೆ ಹೊಸ ತಿದ್ದುಪಡಿಗಳು ಫೈಲಿನ ಕೊನೆಗೆ ಸೇರುತ್ತಿದ್ದವು. ಅಳಿಸಿದ ವಾಕ್ಯಗಳು ತೆರೆಯ ಮೇಲೆ ಕಾಣದಿದ್ದರೂ ಫೈಲಿನಲ್ಲೇ ಉಳಿಯುತ್ತಿದ್ದವು. ಬೇರೆ ಕಂಪನಿಯವರು ಇದನ್ನು ಬೈಟು ಬೈಟಾಗಿ ಕೆದಕಿ ಅರ್ಥ ಮಾಡಿಕೊಳ್ಳಬೇಕಿತ್ತು. ಒಂದೇ ಕಂಪನಿಯ ಆವೃತ್ತಿಗಳ ನಡುವೆಯೂ ತೊಡಕಿತ್ತು. ವರ್ಡ್ 97 ಮೊದಲು ಬಂದಾಗ 'ವರ್ಡ್ 95ಕ್ಕೆ ಸೇವ್ ಮಾಡು' ಎಂದರೆ ಹೊರಬರುತ್ತಿದ್ದುದು ಆರ್‌ಟಿಎಫ್ ಫೈಲು, ಡಾಕ್ ಎಂಬ ಹೆಸರಿನ ಬಾಲ ಅಂಟಿಸಿಕೊಂಡು. ಡಾಕ್ ಫಾರ್ಮ್ಯಾಟಿನ ಪೂರ್ಣ ವಿವರಣೆಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದು 2008ರಲ್ಲಿ. ಅಷ್ಟರಲ್ಲಿ ಜಗತ್ತಿನ ಕಚೇರಿಗಳ ಒಂದು ದಶಕದ ದಾಖಲೆ ಅದರೊಳಗೆ ಸೇರಿಹೋಗಿತ್ತು.

ಬದಲಿ ಹುಟ್ಟಿದ್ದು ಜರ್ಮನಿಯಲ್ಲಿ. ಅಲ್ಲಿನ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡು, ಮರುವರ್ಷ ಅದರ ಮೂಲ ಸಂಕೇತವನ್ನು ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಅದರ ಎಕ್ಸ್‌ಎಂಎಲ್ ಫಾರ್ಮ್ಯಾಟನ್ನು ಓಯಸಿಸ್ ಸಂಸ್ಥೆಯ ಸಮಿತಿ ತಿದ್ದಿ ಬೆಳೆಸಿತು. 2005ರ ಮೇ ತಿಂಗಳಲ್ಲಿ ಓಪನ್ ಡಾಕ್ಯುಮೆಂಟ್ ಫಾರ್ಮ್ಯಾಟ್, ಅಂದರೆ ಓಡಿಎಫ್, ಓಯಸಿಸ್ ಮಾನಕವಾಯಿತು. 2006ರಲ್ಲಿ ಐಎಸ್‌ಓ 26300 ಎಂಬ ಅಂತರರಾಷ್ಟ್ರೀಯ ಮಾನಕವೂ ಆಯಿತು. ನಡುವೆ 2005ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ, ಸರ್ಕಾರದ ದಾಖಲೆಗಳು ಮುಕ್ತ ಫಾರ್ಮ್ಯಾಟಿನಲ್ಲೇ ಇರಬೇಕೆಂಬ ನೀತಿ ಹೊರಡಿಸಿತು. ದೊಡ್ಡ ಗ್ರಾಹಕನೊಬ್ಬ ಫಾರ್ಮ್ಯಾಟಿನ ಆಧಾರದ ಮೇಲೆ ತಂತ್ರಾಂಶ ಆರಿಸಬಹುದೆಂಬುದು ಸ್ಪಷ್ಟವಾದ ಮೇಲೆ ಮೈಕ್ರೋಸಾಫ್ಟಿಗೂ ತನ್ನದೇ ಮಾನಕ ಬೇಕಾಯಿತು.

ಅದೇ ಆಫೀಸ್ ಓಪನ್ ಎಕ್ಸ್‌ಎಂಎಲ್. ಇಂದು ನಾವು ಬಳಸುವ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲುಗಳ ಮೂಲ. 2006ರ ಡಿಸೆಂಬರಿನಲ್ಲಿ ಎಕ್ಮಾ ಸಂಸ್ಥೆ ಇದನ್ನು ಅಂಗೀಕರಿಸಿದಾಗ ವಿವರಣೆ ಆರು ಸಾವಿರ ಪುಟ ದಾಟಿತ್ತು. ಓಡಿಎಫ್‌ನದು ಸುಮಾರು ಏಳುನೂರು. ಆ ಪುಟಗಳಲ್ಲಿ ಕಂಡ ಕೆಲವು ಹೆಸರುಗಳು ಇಡೀ ಚರಿತ್ರೆಯನ್ನೇ ಹೇಳುತ್ತವೆ: 'ಆಟೋಸ್ಪೇಸ್‌ಲೈಕ್‌ವರ್ಡ್95', 'ಯೂಸ್‌ವರ್ಡ್97ಲೈನ್‌ಬ್ರೇಕ್‌ರೂಲ್ಸ್'. ಮೊದಲನೆಯದು ಅಕ್ಷರಗಳ ನಡುವಿನ ಜಾಗವನ್ನು ವರ್ಡ್ 95 ಬಿಡುತ್ತಿದ್ದಂತೆ ಬಿಡು ಎನ್ನುತ್ತದೆ, ಎರಡನೆಯದು ಸಾಲನ್ನು ವರ್ಡ್ 97 ಮುರಿಯುತ್ತಿದ್ದಂತೆ ಮುರಿ ಎನ್ನುತ್ತದೆ. ಆ ತಂತ್ರಾಂಶಗಳು ಹೇಗೆ ನಡೆದುಕೊಳ್ಳುತ್ತಿದ್ದವು ಎಂಬುದನ್ನು ಎಕ್ಮಾದ ಪಠ್ಯ ಹೇಳಿರಲಿಲ್ಲ. ಬೇರೆಯವರಿಗೆ ಇಂಥ ಮಾನಕದಿಂದ ಏನು ಪ್ರಯೋಜನ? ಇಲ್ಲದ ಫೆಬ್ರವರಿ 29 ಕೂಡ ಈ ಪಠ್ಯದಲ್ಲಿ ಜಾಗ ಪಡೆಯಿತು.

ಐಎಸ್‌ಓದಲ್ಲಿ ಇದನ್ನು ತ್ವರಿತ ವಿಧಾನಕ್ಕೆ ಒಳಪಡಿಸಲಾಯಿತು. 2007ರ ಸೆಪ್ಟೆಂಬರ್ ಮತದಾನದಲ್ಲಿ ಅದು ಬಿದ್ದಿತು, ಭಾರತವೂ ವಿರುದ್ಧವಾಗಿ ಮತ ಹಾಕಿತು. ಬಂದ ಆಕ್ಷೇಪಗಳು ಸಾವಿರಾರು. ಅವನ್ನು ಬಗೆಹರಿಸಲು 2008ರ ಫೆಬ್ರವರಿಯಲ್ಲಿ ಜಿನೀವಾದಲ್ಲಿ ಸಭೆ ಸೇರಿತು. ಅವಧಿ ಐದು ದಿನ. ಬಹುಪಾಲು ತಿದ್ದುಪಡಿಗಳು ಚರ್ಚೆಯನ್ನೇ ಕಾಣದೆ ಒಟ್ಟಾಗಿ ಮತಕ್ಕೆ ಹೋದವು. ಒಂದು ಮಾನಕವನ್ನು ಇಷ್ಟು ಅವಸರದಲ್ಲಿ ದಾಟಿಸಿದ್ದು ತಾಂತ್ರಿಕವಾಗಿ ಬೇಜವಾಬ್ದಾರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭಾರತ ಮರುಮತದಲ್ಲೂ ವಿರೋಧವನ್ನು ಬಿಡಲಿಲ್ಲ. ಫಾರ್ಮ್ಯಾಟ್ ಅಂಗೀಕಾರವಾದ ಮೇಲೆ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾಗಳಂತೆ ಮೇಲ್ಮನವಿಯನ್ನೂ ಸಲ್ಲಿಸಿತು, ಅದು ತಿರಸ್ಕೃತವಾಯಿತು. ಜಿನೀವಾದ ಒಂದು ಫಲವನ್ನು ಮಾತ್ರ ಮೆಚ್ಚಬೇಕು. ಮಾನಕವನ್ನು 'ಸ್ಟ್ರಿಕ್ಟ್' ಮತ್ತು 'ಟ್ರಾನ್ಸಿಷನಲ್' ಎಂದು ಎರಡಾಗಿ ಸೀಳಿ, ಹಳೆಯ ತಪ್ಪುಗಳನ್ನು ಎರಡನೆಯದರಲ್ಲಿ ಇರಿಸಲಾಯಿತು. ಆದರೆ ಆಫೀಸ್ 2010 ಬರೆಯುತ್ತಿದ್ದುದು ಟ್ರಾನ್ಸಿಷನಲ್ ರೂಪವನ್ನೇ. ಸ್ಟ್ರಿಕ್ಟ್ ರೂಪದಲ್ಲಿ ಸೇವ್ ಮಾಡುವ ಅವಕಾಶ 2013ರ ಆವೃತ್ತಿಯಲ್ಲಿ ಬಂತು, ಅದೂ ಬಳಕೆದಾರ ತಾನಾಗಿ ಆರಿಸಿಕೊಂಡರೆ.

ಇಷ್ಟಕ್ಕೇ ನಿಲ್ಲಿಸಿದರೆ ಓಡಿಎಫ್ ಪಕ್ಷಕ್ಕೆ ಸುಲಭದ ಗೆಲುವು ಕೊಟ್ಟಂತಾಗುತ್ತದೆ. ಓಡಿಎಫ್‌ನ ಮೊದಲ ಆವೃತ್ತಿಯಲ್ಲಿ ದೊಡ್ಡದೊಂದು ಲೋಪವಿತ್ತು: ಲೆಕ್ಕದ ಹಾಳೆಯ ಸೂತ್ರಗಳನ್ನು ಬರೆಯುವ ವ್ಯಾಕರಣವನ್ನು ಅದು ನಿಗದಿ ಮಾಡಲಿಲ್ಲ. ಸೂತ್ರದ ಮುಂದೆ ಅದು ಯಾರ ಭಾಷೆ ಎಂದು ತಿಳಿಸುವ ಗುರುತು ಹಾಕಿದರೆ ಸಾಕಿತ್ತು. ಓಪನ್‌ಆಫೀಸ್ ತನ್ನ ಗುರುತು ಹಾಕಿತು, ಉಳಿದವರು ಅದನ್ನು ನೋಡಿ ಕಲಿತರು. ಹೊಂದಾಣಿಕೆ ಮಾನಕದಿಂದ ಬರಲಿಲ್ಲ, ಒಬ್ಬರನ್ನೊಬ್ಬರು ಅನುಸರಿಸಿದ್ದರಿಂದ ಬಂತು. 2009ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಆಫೀಸ್ 2007ರ ಎರಡನೇ ಸರ್ವಿಸ್ ಪ್ಯಾಕಿನಲ್ಲಿ ಓಡಿಎಫ್ ಓದುಬರಹ ಸೇರಿಸಿದಾಗ ಈ ಲೋಪ ಬಯಲಿಗೆ ಬಿತ್ತು. ಓಪನ್‌ಆಫೀಸಿನಲ್ಲಿ ಮಾಡಿದ ಹಾಳೆಯನ್ನು ಎಕ್ಸೆಲ್ ತೆರೆದರೆ ಸಂಖ್ಯೆಗಳೆಲ್ಲ ಸರಿಯಾಗಿ ಕಾಣುತ್ತಿದ್ದವು. ಒಟ್ಟು ಮೊತ್ತವಿರುವ ಕೋಶದೊಳಗೆ ಮಾತ್ರ ಸೂತ್ರ ಮಾಯವಾಗಿ, ಕೊನೆಯ ಬಾರಿ ಸೇವ್ ಆದಾಗಿನ ಉತ್ತರ ಉಳಿದಿರುತ್ತಿತ್ತು. ಮೇಲಿನ ಸಾಲಿನ 500ನ್ನು 700 ಎಂದು ತಿದ್ದಿದರೂ ಮೊತ್ತ ಅಲುಗುತ್ತಿರಲಿಲ್ಲ. ಗುರುತು ತನ್ನದಲ್ಲವೆಂದು ಎಕ್ಸೆಲ್ ಸೂತ್ರವನ್ನು ಕೈಬಿಟ್ಟಿತ್ತು. ಮಾನಕದ ಅಕ್ಷರಾರ್ಥಕ್ಕೆ ಅದು ವಿರೋಧವೇನಲ್ಲ. ಬಳಕೆದಾರನಿಗೆ ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿಲ್ಲ, ಏಕೆಂದರೆ ನೋಡಿದರೆ ಏನೂ ಕೆಟ್ಟಂತೆ ಕಾಣುವುದಿಲ್ಲ. ಸೂತ್ರಗಳ ಪೂರ್ಣ ವ್ಯಾಕರಣ 2011ರ ಓಡಿಎಫ್ 1.2ರಲ್ಲಿ ಸೇರಿತು. ಆಫೀಸ್ 2013 ಅದನ್ನು ಒಪ್ಪಿಕೊಂಡ ಮೇಲೆ ಈ ಬಿರುಕು ಬಹುಮಟ್ಟಿಗೆ ಮುಚ್ಚಿತು.

ಒಂದು ತಂತ್ರಾಂಶದಲ್ಲಿ ಮಾಡಿದ ಪತ್ರವನ್ನು ಇನ್ನೊಂದರಲ್ಲಿ ತೆರೆದಾಗ ಪುಟಗಳು ಮುಂದೆ ಸರಿಯುವುದಕ್ಕೆ ಕಾರಣ ಹಲವು ಸಲ ಫಾರ್ಮ್ಯಾಟೇ ಅಲ್ಲ, ಫಾಂಟು. ಡಾಕ್‌ಎಕ್ಸ್ ಆಗಲಿ ಓಡಿಎಫ್ ಪಠ್ಯದ ಫೈಲಾದ ಓಡಿಟಿ ಆಗಲಿ, ಸಾಲು ಎಲ್ಲಿ ಮುರಿಯಿತೆಂಬುದನ್ನು ಫೈಲು ಕಟ್ಟಿಡುವುದಿಲ್ಲ; ತೆರೆದಾಗಲೆಲ್ಲ ಅಕ್ಷರಗಳ ಅಗಲ ಕೂಡಿಸಿ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ರೆಡ್ ಹ್ಯಾಟ್ 2007ರಲ್ಲಿ ಬಿಡುಗಡೆ ಮಾಡಿದ ಲಿಬರೇಷನ್ ಫಾಂಟುಗಳು ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗಳ ಅಗಲಕ್ಕೆ ಸರಿಯಾಗಿ ರೂಪಿಸಿದವು. ಕ್ಯಾಲಿಬ್ರಿಯ ಅಳತೆಗೆ ಕಾರ್ಲಿಟೋ ಬಂತು. ಅಕ್ಷರದ ಚೆಲುವು ಬೇರೆಯಾದರೂ ಸಾಲು ಅದೇ ಜಾಗದಲ್ಲಿ ಮುರಿಯುತ್ತದೆ. ಕನ್ನಡದ ಮಾತು ಬೇರೆ. ವಿಂಡೋಸಿನ ತುಂಗಾ ಫಾಂಟಿನಲ್ಲಿ ಮಾಡಿದ ಪತ್ರ ಲಿನಕ್ಸ್ ಯಂತ್ರದಲ್ಲಿ ಲೋಹಿತ್ ಅಥವಾ ನೋಟೋ ಫಾಂಟಿಗೆ ಬದಲಾದರೆ ಸಾಲುಗಳೂ ಪುಟಗಳೂ ಸರಿಯುತ್ತವೆ, ಏಕೆಂದರೆ ಅವು ತುಂಗಾದ ಅಳತೆಗೆ ಮಾಡಿದವಲ್ಲ. ಮೇಲಾಗಿ ಎರಡೂ ಫಾರ್ಮ್ಯಾಟ್‌ಗಳು ಸಂಕೀರ್ಣ ಲಿಪಿಗಳ ಫಾಂಟು, ಗಾತ್ರ, ದಪ್ಪಕ್ಷರಗಳನ್ನು ಲ್ಯಾಟಿನ್ನಿನಿಂದ ಪ್ರತ್ಯೇಕವಾಗಿ ಬರೆದಿಡುತ್ತವೆ. ಒಂದನ್ನು ಬರೆದು ಇನ್ನೊಂದನ್ನು ಮರೆತ ಪರಿವರ್ತಕದ ಕೈಗೆ ಸಿಕ್ಕರೆ ಅದೇ ವಾಕ್ಯದ ಇಂಗ್ಲಿಷ್ ಪದ 14ರ ಗಾತ್ರದಲ್ಲೂ ಕನ್ನಡ ಪದ 12ರಲ್ಲೂ ನಿಲ್ಲುತ್ತದೆ.

ನುಡಿ ಮತ್ತು ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಕಾಲದ ಫೈಲುಗಳಲ್ಲಿ ಸಮಸ್ಯೆ ಇನ್ನೂ ಆಳಕ್ಕಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗವಿದ್ದರೂ, ವಿಂಡೋಸ್ ಎಕ್ಸ್‌ಪಿ ಬಂದು ಅದನ್ನು ತೋರಿಸುವವರೆಗೆ ಕಾಯುವ ಸ್ಥಿತಿಯಲ್ಲಿ ಕಚೇರಿಗಳಾಗಲಿ ಡಿಟಿಪಿ ಅಂಗಡಿಗಳಾಗಲಿ ಇರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ 'ಕ' ಎಂದು ಟೈಪ್ ಮಾಡಿದರೆ ಫೈಲಿಗೆ ಸೇರುತ್ತಿದ್ದುದು ಲ್ಯಾಟಿನ್ 'ಪಿ' ಅಕ್ಷರ ಮತ್ತು ತಲೆಯ ಮೇಲೆ ಓರೆಗೆರೆ ಹೊತ್ತ 'ಎ'. ಆ ಜೋಡಿ 'ಕ' ಎಂದು ಕಾಣುವುದು ಫಾಂಟಿನ ಕೆಲಸ. ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳು ಬರುತ್ತವೆ. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಅದು ಲ್ಯಾಟಿನ್ ಸಂಕೇತಗಳ ಕ್ರಮದಲ್ಲಿ ಜೋಡಣೆಯಾಗುತ್ತದೆ. ಇಂಥ ಫೈಲಿನಲ್ಲಿ ಕನ್ನಡ ಎಲ್ಲಿ ಮುಗಿದು ಇಂಗ್ಲಿಷ್ ಎಲ್ಲಿ ಶುರುವಾಯಿತೆಂದು ಹೇಳುವ ಒಂದೇ ಸಾಕ್ಷಿ ಫಾಂಟಿನ ಹೆಸರು. ಆದ್ದರಿಂದ ಈ ದಾಖಲೆಗಳನ್ನು ಯೂನಿಕೋಡಿಗೆ ತರುವವರು ಮೊದಲು ಡಾಕ್ ಫೈಲಿನಿಂದ ಬರಿ ಪಠ್ಯವನ್ನು ಎತ್ತಿಕೊಳ್ಳಬಾರದು. ಹಾಗೆ ಎತ್ತಿದ ಕ್ಷಣವೇ ಫಾಂಟಿನ ಹೆಸರು ಕಳಚಿಹೋಗಿ, ನಡುವೆ ಬಂದ ಇಂಗ್ಲಿಷ್ ಪದಗಳೂ ಸರ್ವೆ ನಂಬರಿನ ಜೊತೆಗಿನ ಲ್ಯಾಟಿನ್ ಅಕ್ಷರಗಳೂ ಕನ್ನಡವೆಂದು ಪರಿವರ್ತನೆಯಾಗುತ್ತವೆ. ಡಾಕ್ ಫೈಲನ್ನು ಫಾಂಟಿನ ಹೆಸರು ಉಳಿಯುವಂತೆ ಡಾಕ್‌ಎಕ್ಸ್‌ಗೋ ಓಡಿಟಿಗೋ ಬದಲಿಸಿಕೊಂಡು, ಒಳಗಿನ ಎಕ್ಸ್‌ಎಂಎಲ್‌ನಲ್ಲಿ ತುಣುಕು ತುಣುಕಾಗಿ ಫಾಂಟು ನೋಡಿ, ನುಡಿ ಎಂದಿರುವ ತುಣುಕನ್ನಷ್ಟೇ ಪರಿವರ್ತಿಸಬೇಕು.