ಹಂಗಾಮಿ ಕಾಮಗಾರಿಯ ಬೆಲೆ: ಮೇರಿಲೆಂಡಿನ ರಸ್ತೆಗುತ್ತಿಗೆಗಳಲ್ಲಿ ಮಣ್ಣಿನ ರಕ್ಷಣೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವತೀರದಲ್ಲಿರುವ ಚೆಸಪೀಕ್ ಕೊಲ್ಲಿಯ ಚರಿತ್ರೆಯು ಬಹುಮಟ್ಟಿಗೆ ಹೂಳಿನ ಚರಿತ್ರೆಯೂ ಆಗಿದೆ. ಆ ಕೊಲ್ಲಿಗೆ ಸೇರುವ ಗನ್‌ಪೌಡರ್ ನದಿಯ ತಡಿಯಲ್ಲಿ ಜಾಪಾ ಎಂಬ ರೇವುಪಟ್ಟಣವು 18ನೆಯ ಶತಮಾನದ ಪೂರ್ವಾರ್ಧದಲ್ಲಿ ಹೊಗೆಸೊಪ್ಪಿನ ವ್ಯಾಪಾರದಿಂದ ಏಳಿಗೆಗೊಂಡಿದ್ದಿತು. ಒಳನಾಡಿನ ಕಾಡನ್ನು ಕಡಿದು ಹೊಲ ಮಾಡಿದವರು ಮೇಲ್ಮಣ್ಣನ್ನು ಕಾಪಾಡಿಕೊಳ್ಳಲಿಲ್ಲ. ಆ ಮಣ್ಣು ಮಳೆಯೊಡನೆ ನದಿಗಿಳಿದು ರೇವನ್ನು ತುಂಬುತ್ತ ಬಂದಿತು. 1768ರಲ್ಲಿ ಆ ಪ್ರಾಂತದ ಕಚೇರಿಗಳು ಬಾಲ್ಟಿಮೋರ್ ಪಟ್ಟಣಕ್ಕೆ ಹೋದುವು, ಜಾಪಾ ಹಾಳಾಯಿತು. ಕೊಲ್ಲಿಯ ಉತ್ತರಭಾಗದ ಇಂತಹ ರೇವುಗಳು ಹೂಳಿಗೆ ತುತ್ತಾದ ಬಗೆಯನ್ನು ಎಲ್. ಸಿ. ಗಾಟ್‌ಷಾಕ್ ಎಂಬ ವಿದ್ವಾಂಸನು 1945ರಲ್ಲಿ ವಿವರವಾಗಿ ನಿರೂಪಿಸಿದನು.

ಹೊಗೆಸೊಪ್ಪಿನ ಹೊಲಗಳು ಮಾಡಿದ ಕೆಲಸವನ್ನು 20ನೆಯ ಶತಮಾನದಲ್ಲಿ ರಸ್ತೆಗಳೂ ಹೊಸ ಬಡಾವಣೆಗಳೂ ಮುಂದುವರಿಸಿದುವು. 1956ನೆಯ ಇಸವಿಯ ಶಾಸನದಿಂದ ಅಂತಸ್ಸಂಸ್ಥಾನ ಹೆದ್ದಾರಿಗಳ ನಿರ್ಮಾಣವು ಭರದಿಂದ ಸಾಗಿತು. ಗುಡ್ಡವನ್ನು ಕಡಿದು ತಗ್ಗನ್ನು ತುಂಬುವಾಗ ನೂರಾರು ಎಕರೆ ನೆಲವು ಹುಲ್ಲಿನ ಹೊದಿಕೆಯನ್ನು ಕಳೆದುಕೊಂಡು ತಿಂಗಳುಗಟ್ಟಲೆ ಬರಿಮೈಯಲ್ಲಿ ಮಳೆಗೆ ಒಡ್ಡಿಕೊಂಡಿರುತ್ತದೆ. ಇದರ ಪರಿಣಾಮವನ್ನು ಮೊದಲು ಅಳೆದು ತೋರಿಸಿದವರಲ್ಲಿ ಮೇರಿಲೆಂಡಿನ ಎಂ. ಗಾರ್ಡನ್ ವೋಲ್ಮನ್ ಪ್ರಮುಖನು. ಆತನೂ ಷಿಕ್ ಎಂಬಾತನೂ 1967ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕಾಡು ಮತ್ತು ಬೇಸಾಯದ ನೆಲದಿಂದ ವರ್ಷಕ್ಕೆ ಚದರಮೈಲಿಗೆ 200ರಿಂದ 500 ಟನ್ನು ಮಣ್ಣು ಹೊರಟರೆ, ನಿರ್ಮಾಣ ನಡೆಯುವ ನೆಲದಿಂದ ಹಲವು ಸಾವಿರ ಟನ್ನುಗಳಿಂದ ಹಿಡಿದು ಅತ್ಯಧಿಕವಾಗಿ 1,40,000 ಟನ್ನುಗಳವರೆಗೂ ಹೊರಡುತ್ತದೆ. ಪೊಟೋಮ್ಯಾಕ್ ನದಿಯ ಆಚೆಯ ವರ್ಜೀನಿಯಾದಲ್ಲಿ ಸ್ಕಾಟ್ ರನ್ ಎಂಬ ಹಳ್ಳದ ಜಲಾನಯನಭೂಮಿಯನ್ನು 1961ರಿಂದ 1964ರವರೆಗೆ ಪರೀಕ್ಷಿಸಿದವರಿಗೆ, ಅಲ್ಲಿಯ ಹೂಳಿನಲ್ಲಿ ಶೇಕಡ 85 ಭಾಗವು ಹೆದ್ದಾರಿಯ ಕಾಮಗಾರಿಯಿಂದಲೇ ಬಂದುದೆಂದು ಕಂಡುಬಂದಿತು. ರಸ್ತೆಗಾಗಿ ಅಗೆದ ನೆಲವು ಉತ್ತ ನೆಲದ 10ರಷ್ಟನ್ನೂ ಹುಲ್ಲುಗಾವಲಿನ 200ರಷ್ಟನ್ನೂ ಕಾಡಿನ 2,000ದಷ್ಟನ್ನೂ ಹಳ್ಳಕ್ಕೆ ಇಳಿಸುತ್ತಿದ್ದಿತು.

ಈ ಕೇಡಿಗೆ ಪರಿಹಾರವು ತಿಳಿಯದೆ ಇದ್ದಿತೆಂದು ಹೇಳುವಂತಿಲ್ಲ. ಕಂಬಗಳಿಗೆ ಬಿಗಿದ ಬಟ್ಟೆಯ ತಡಿಕೆ, ಹೂಳು ತಂಗುವ ಹೊಂಡ, ಇಳಿಜಾರಿನ ಮೇಲೆ ಹರಡಿದ ಒಣಹುಲ್ಲು, ಬೇಗ ಮೊಳೆಯುವ ಬಿತ್ತನೆ, ನೀರನ್ನು ಬೇರೆ ಕಡೆಗೆ ತಿರುಗಿಸುವ ಸಣ್ಣ ಒಡ್ಡು, ಇವೆಲ್ಲ ಸುಲಭಸಾಧನಗಳೇ. ಕಷ್ಟವಿದ್ದುದು ಗುತ್ತಿಗೆಯ ಸ್ವರೂಪದಲ್ಲಿ. ಗುತ್ತಿಗೆಯೆಂಬುದು ಕಡೆಯಲ್ಲಿ ಉಳಿಯುವ ವಸ್ತುವಿಗೆ ಬೆಲೆ ಕಟ್ಟುವ ವ್ಯವಹಾರ. ಸೇತುವೆಯನ್ನು ಅಳೆಯಬಹುದು, ಜಲ್ಲಿಯನ್ನು ಎಣಿಸಬಹುದು. ಹಂಗಾಮಿ ರಕ್ಷಣೆಯಾದರೋ ಕೆಲಸ ಮುಗಿದೊಡನೆ ಕಿತ್ತು ತೆಗೆಯತಕ್ಕದ್ದು. ಅದು ಚೆನ್ನಾಗಿ ನಡೆದುದಕ್ಕೆ ಗುರುತೆಂದರೆ, ಏನೂ ಸಂಭವಿಸದೆ ಇರುವುದು. ಹೀಗೆ ಕಣ್ಣಿಗೆ ಬೀಳದ ಫಲಕ್ಕೆ ಹಣ ಕೊಡುವುದು ಹೇಗೆಂಬುದೇ ಮೂಲಪ್ರಶ್ನೆ.

ಇದಕ್ಕೆ ಬೆಲೆ ಕಟ್ಟುವ ಕ್ರಮಗಳು ಮೂರು. ಮೊದಲನೆಯದರಲ್ಲಿ ರಕ್ಷಣೆಯು ಮಣ್ಣುಕೆಲಸದ ಅಂಗವೆಂದು ಎಣಿಸಲ್ಪಟ್ಟು, ಅದಕ್ಕೆ ಪ್ರತ್ಯೇಕವಾಗಿ ಕಾಸಿಲ್ಲ. ಹೀಗಿರಲು, ಅದಕ್ಕೆ ಖರ್ಚು ಮಾಡಬೇಕೆಂದು ಲೆಕ್ಕ ಹಾಕಿದ ಪ್ರಾಮಾಣಿಕನ ಟೆಂಡರು ದುಬಾರಿಯಾಗಿ ತಳ್ಳಿಹೋಗುತ್ತದೆ. ಮಾಡದೆ ಬಿಡುವೆನೆಂದು ಮನಸ್ಸಿನಲ್ಲಿಟ್ಟುಕೊಂಡವನಿಗೆ ಕೆಲಸ ದೊರೆಯುತ್ತದೆ. ಎರಡನೆಯದರಲ್ಲಿ ತಡಿಕೆಗೆ ಅಡಿಗೆ ಇಷ್ಟು, ಬಿತ್ತನೆಗೆ ಎಕರೆಗೆ ಇಷ್ಟು ಎಂದು ದರ ನಿಗದಿಯಾಗುತ್ತದೆ. ಇದು ಮೊದಲನೆಯದಕ್ಕಿಂತ ಮೇಲು. ಆದರೆ ಇಲ್ಲಿ ಹಣ ಸಲ್ಲುವುದು ತಡಿಕೆಯನ್ನು ನಿಲ್ಲಿಸಿದುದಕ್ಕೆ. ಮುಂದಿನ ಮಳೆಗೆ ಅದು ಬಗ್ಗಿದಾಗ ಎತ್ತಿ ಕಟ್ಟಿದುದಕ್ಕಲ್ಲ, ಅದರ ಹಿಂದೆ ಶೇಖರವಾದ ಹೂಳನ್ನು ತೆಗೆದುದಕ್ಕಲ್ಲ. ಹಂಗಾಮಿ ಕಾಮಗಾರಿಯ ಸಾರವಾದರೋ ನಿಲ್ಲಿಸುವುದರಲ್ಲಿಲ್ಲ, ಎಚ್ಚರದಿಂದ ನೋಡಿಕೊಳ್ಳುವುದರಲ್ಲಿದೆ.

ಈ ನಡುವೆ ಶಾಸನಗಳೂ ಬಂದುವು. 1970ರ ಹೆದ್ದಾರಿ ಶಾಸನವು ರಸ್ತೆಕೆಲಸದಲ್ಲಿ ಮಣ್ಣು ಕೊಚ್ಚಿಹೋಗುವುದನ್ನು ತಗ್ಗಿಸಲು ಮಾರ್ಗದರ್ಶಕ ಸೂತ್ರಗಳನ್ನು ಹೊರಡಿಸಬೇಕೆಂದು ವಿಧಿಸಿತು. ಅದೇ ವರ್ಷ ಮೇರಿಲೆಂಡ್ ಸಂಸ್ಥಾನವು ಹೂಳಿನ ನಿಯಂತ್ರಣಕ್ಕೆ ತನ್ನದೇ ಶಾಸನವನ್ನು ಮಾಡಿತು. 1972ರ ಜಲಶುದ್ಧಿ ಶಾಸನವನ್ನು ಅನುಸರಿಸಿ, 1990ರ ನಿಯಮಗಳು 5 ಎಕರೆ ಮತ್ತು ಅದಕ್ಕೆ ಮೇಲ್ಪಟ್ಟ ನಿರ್ಮಾಣಗಳನ್ನೂ, 1999ರ ನಿಯಮಗಳು 1 ಎಕರೆಯಿಂದ ಮೇಲ್ಪಟ್ಟವುಗಳನ್ನೂ ಪರವಾನಗಿಗೆ ಒಳಪಡಿಸಿದುವು. ಶಾಸನವು ದಂಡವನ್ನು ತೋರಿಸಿತು. ಆದರೆ ದಂಡವು ಕೆಟ್ಟ ಮೇಲೆ ಬರುವಂಥದು, ಹಳ್ಳಕ್ಕೆ ಇಳಿದ ಮಣ್ಣು ಅದರಿಂದ ಹಿಂದಿರುಗುವುದಿಲ್ಲ.

ಮೂರನೆಯ ಕ್ರಮವು ಮೇರಿಲೆಂಡಿನ ಹೆದ್ದಾರಿ ಇಲಾಖೆಯು ರೂಢಿಗೆ ತಂದುದು. ಅದರಲ್ಲಿ ತನಿಖೆದಾರನು ಕಾಮಗಾರಿಯನ್ನು ಆಗಾಗ ನೋಡಿ, ಶಾಲೆಯ ಉಪಾಧ್ಯಾಯನು ಅಂಕ ಕೊಡುವಂತೆ ನೂರಕ್ಕೆ ಇಷ್ಟೆಂದು ಕೊಡುತ್ತಾನೆ. 90 ಮತ್ತು ಮೇಲ್ಪಟ್ಟರೆ ‘ಎ’, 80ರ ಮೇಲೆ ‘ಬಿ’, 70ರ ಮೇಲೆ ‘ಸಿ’, 60ರ ಮೇಲೆ ‘ಡಿ’, ಅದಕ್ಕೂ ಕಡಮೆಯಾದರೆ ‘ಎಫ್’. ಮೂರು ಮೂರು ತಿಂಗಳಿಗೆ ಸರಾಸರಿ ತೆಗೆದು, ಗುತ್ತಿಗೆಯಲ್ಲಿ ಹಾಗೆ ಗೊತ್ತುಪಡಿಸಿದ್ದರೆ, 85 ಅಥವಾ ಮೇಲ್ಪಟ್ಟ ಅಂಕ ಪಡೆದ ಗುತ್ತಿಗೆದಾರನಿಗೆ ಬಹುಮಾನದ ಹಣ ಸಲ್ಲುತ್ತದೆ. ಕೆಳಗಿನ ದರ್ಜೆಗಳಿಗೆ ಇಳಿದವನ ಬಿಲ್ಲಿನಲ್ಲಿ ಮುರಿಯಲಾಗುತ್ತದೆ. ‘ಎಫ್’ ಬಂದರೆ ಲೋಪವನ್ನು ಸರಿಪಡಿಸುವ ಕೆಲಸವೊಂದನ್ನು ಬಿಟ್ಟು ಉಳಿದುದೆಲ್ಲ ನಿಲ್ಲಬೇಕು. ಇಲ್ಲಿ ಬೆಲೆ ಕಟ್ಟಿದುದು ವಸ್ತುವಿಗಲ್ಲ, ಕಾಲಕ್ಕೆ. ಹಣವು ತಿಂಗಳುಗಳ ಎಚ್ಚರಕ್ಕೆ ಸಲ್ಲುವುದರಿಂದ, ಅಳಿಯುವ ಕೆಲಸವೂ ಅಳಿಯುವ ಮುನ್ನವೇ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಶಾಸನವು ಹೇಗೂ ವಿಧಿಸಿದ ಕರ್ತವ್ಯಕ್ಕೆ ಬಹುಮಾನವೇಕೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವೇನೆಂದರೆ, ಶಾಸನವು ಕನಿಷ್ಠವನ್ನು ಮಾತ್ರ ವಿಧಿಸಬಲ್ಲುದು. ಮೋಡ ಕವಿದ ಸಂಜೆ ಆಳುಗಳನ್ನು ಕಳುಹಿಸಿ ತಡಿಕೆಯನ್ನು ಬಿಗಿಯಿಸುವ ಕಾಳಜಿಯನ್ನು ಅದು ಹುಟ್ಟಿಸಲಾರದು. ಬಹುಮಾನವನ್ನು ಮುಂಚೆಯೇ ಲೆಕ್ಕ ಹಾಕಿ ಟೆಂಡರನ್ನು ತಗ್ಗಿಸುವರೆಂಬುದು ಎರಡನೆಯದು. ಇದು ದೋಷವಲ್ಲ, ಗುಣವೇ ಸರಿ: ಹಾಗೆ ತಗ್ಗಿಸಿದವನು ಚೆನ್ನಾಗಿ ಕಾಪಾಡಿದರೆ ಮಾತ್ರ ನಷ್ಟದಿಂದ ಪಾರಾಗುವನು, ಮೊದಲನೆಯ ಕ್ರಮದಲ್ಲಿ ಸೋಲುತ್ತಿದ್ದ ಪ್ರಾಮಾಣಿಕನು ಇಲ್ಲಿ ಸ್ಪರ್ಧೆಗೆ ನಿಲ್ಲಬಲ್ಲನು. ಮೂರನೆಯದು ಗುರುತರವಾದುದು: ಅಂಕ ಕೊಡುವವನು ದಾಕ್ಷಿಣ್ಯಕ್ಕೆ ಒಳಗಾದರೆ ಬಹುಮಾನವು ಮಾಮೂಲಿನ ಸಂಭಾವನೆಯಾಗಿ ಪರಿಣಮಿಸುತ್ತದೆ. ಇದಕ್ಕೆ ಗುತ್ತಿಗೆಯ ಮಾತುಗಳಲ್ಲಿ ಪೂರ್ಣಪರಿಹಾರವಿಲ್ಲ. ತನಿಖೆದಾರನು ರಸ್ತೆಯನ್ನು ಬೇಗ ಮುಗಿಸುವ ಹೊಣೆಯಿಂದ ಎಷ್ಟು ದೂರವಿರುವನೋ ಅಂಕಗಳು ಅಷ್ಟು ನಂಬಿಕೆಗೆ ಅರ್ಹವಾಗುವುವು.

ಜಾಪಾದ ಕಾಲದಲ್ಲಿ ಹೊಲದವನಿಗೂ ರೇವಿನವನಿಗೂ ನಡುವೆ ಯಾವ ಕರಾರೂ ಇರಲಿಲ್ಲ. ಮೇಲಿನವನ ಲಾಭಕ್ಕೆ ಕೆಳಗಿನವನು ತೆತ್ತನು; ತೆತ್ತುದು ಎಷ್ಟೆಂಬುದು ರೇವು ಮುಚ್ಚಿದ ಮೇಲೆ ತಿಳಿಯಿತು. ಗುತ್ತಿಗೆಯ ಒಂದು ಷರತ್ತು ಮಾಡಬಲ್ಲ ಉಪಕಾರವೆಂದರೆ, ಆ ನಷ್ಟವನ್ನು ಅದು ಸಂಭವಿಸುವ ಮೊದಲೇ ಮೇಲಿನವನ ಲೆಕ್ಕದ ಪುಸ್ತಕದಲ್ಲಿ ಬರೆಯಿಸುವುದು.