ಜಿಲ್ಲೆಯೊಳಗಿದ್ದ ಹವಳ ದ್ವೀಪಗಳು: ಕುಂದಾಪುರ ಕರಾವಳಿ, ನೇತ್ರಾಣಿ ಮತ್ತು ಅಮೀನ್‌ದಿವಿ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಎರಡು ಕಡೆ ನೆಲ ಕಳೆದುಕೊಂಡಿತು. ಕಾಸರಗೋಡು ತಾಲ್ಲೂಕು ಕೇರಳದ ಪಾಲಾದದ್ದು ಎಲ್ಲರಿಗೂ ಗೊತ್ತು. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನೊಂದಿಗೆ ಆ ನೋವು ಕನ್ನಡದಲ್ಲಿ ಇಂದಿಗೂ ಹಸಿಯಾಗಿದೆ. ಅದೇ ದಿನ ಅದೇ ಜಿಲ್ಲೆಯಿಂದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಹವಳ ದ್ವೀಪಗಳೂ ಅವುಗಳಾಚೆಯ ನಿರ್ಜನ ಮರಳುದಿಬ್ಬಗಳೂ ಬೇರ್ಪಟ್ಟು, ಇಂದು ಲಕ್ಷದ್ವೀಪ ಎನಿಸಿಕೊಳ್ಳುವ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಅದರ ಸುದ್ದಿ ನಮ್ಮ ಸ್ಥಳೀಯ ಇತಿಹಾಸಗಳಲ್ಲಿ ಇಲ್ಲವೆನ್ನುವಷ್ಟು ವಿರಳ. ದ್ವೀಪದವರ ಮಾತು ಮಲಯಾಳಕ್ಕೆ ಹತ್ತಿರದ ಜೆಸೆರಿಯಾದ್ದರಿಂದ ಭಾಷೆಯ ಹಕ್ಕು ಕೇಳುವ ಪ್ರಶ್ನೆ ಏಳಲಿಲ್ಲ, ಸರಿಯೇ. ಆದರೆ ಒಂದೂವರೆ ಶತಮಾನ ಒಂದೇ ಜಿಲ್ಲಾಧಿಕಾರಿಯ ಕೆಳಗಿದ್ದ ಕುಂದಾಪುರದ ಗದ್ದೆಯನ್ನೂ ಬಿತ್ರಾದ ಮರಳನ್ನೂ ಒಟ್ಟಿಗೆ ಇಟ್ಟು ನೋಡುವ ಅಭ್ಯಾಸವೂ ಅದರೊಂದಿಗೇ ಹೋಯಿತು. ಇಂದಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯಿಂದ ನಿಂತು ಆ ಅಭ್ಯಾಸವನ್ನು ಮತ್ತೆ ಹಿಡಿಯುವುದು ಈ ಲೇಖನದ ಉದ್ದೇಶ. ಜನರು ನೆಲೆಸದ ದ್ವೀಪವೆಂದರೆ ಜನರಿಗೆ ಸಂಬಂಧವಿಲ್ಲದ ದ್ವೀಪವಲ್ಲ ಎಂಬುದು ಇಲ್ಲಿನ ವಾದ.

ಮೊದಲು ಆಡಳಿತದ ಗೆರೆಗಳನ್ನು ನೋಡೋಣ. ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತದಲ್ಲಿದ್ದ, ಮೇಲೆ ಹೇಳಿದ ದ್ವೀಪಗಳ ಅಮೀನ್‌ದಿವಿ ಗುಂಪು 1787ರಲ್ಲಿ ಟಿಪ್ಪು ಸುಲ್ತಾನನ ಕೈಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯದಾಗಿ ಕೆನರಾ ಜಿಲ್ಲೆಗೆ ಸೇರಿತು. ಮುಂದೆ ಕೆನರಾ ಇಬ್ಭಾಗವಾಗಿ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಕುಂದಾಪುರ ತಾಲ್ಲೂಕನ್ನು ಮಾತ್ರ ದಕ್ಷಿಣದಲ್ಲೇ, ಮದ್ರಾಸ್ ಪ್ರಾಂತ್ಯದಲ್ಲೇ, ಉಳಿಸಿಕೊಳ್ಳಲಾಯಿತು. ಇದರ ಫಲ ವಿಚಿತ್ರವಾದದ್ದು. ಬೈಂದೂರಿನಿಂದ ವಾಯವ್ಯಕ್ಕೆ ಮೂವತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ನೇತ್ರಾಣಿ ದ್ವೀಪ ಮುಂಬಯಿ ಪ್ರಾಂತ್ಯದ್ದಾಯಿತು. ಕುಂದಾಪುರದ ಕಡಲತೀರದಿಂದ ಮುನ್ನೂರು ಕಿಲೋಮೀಟರಿಗೂ ಆಚೆಗಿನ, ಅಮೀನ್‌ದಿವಿ ಗುಂಪಿನ ಚೆರ್ಬನಿಯಾನಿ ದಿಬ್ಬ ನಮ್ಮ ಜಿಲ್ಲೆಯೊಳಗೇ ಉಳಿಯಿತು. ನಕ್ಷೆ ಎಳೆದವರಿಗೆ ಕಡಲು ಖಾಲಿ ಜಾಗವಾಗಿ ಕಂಡಿರಬೇಕು.

ಜಿಲ್ಲೆಯ ಪರವಾಗಿ ಅಮಿನಿಯಲ್ಲಿ ಮೊಣೆಗಾರನೆಂಬ ಅಧಿಕಾರಿ ಇರುತ್ತಿದ್ದ. ಸರ್ಕಾರಕ್ಕೆ ಬೇಕಾದದ್ದು ತೆಂಗಿನ ನಾರು. ದ್ವೀಪದವರು ನಾರನ್ನು ಸರ್ಕಾರಕ್ಕೇ ಕೊಡಬೇಕು, ಗೊತ್ತುಮಾಡಿದ ದರಕ್ಕೆ ಪ್ರತಿಯಾಗಿ ಅಕ್ಕಿ ಪಡೆಯಬೇಕು ಎಂಬ ಏಕಸ್ವಾಮ್ಯ ಪದ್ಧತಿ ಬಹುಕಾಲ ನಡೆಯಿತು. ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ; ಕೆನರಾದಲ್ಲಿ ಅಕ್ಕಿ ಮಿಗುತ್ತಿತ್ತು. ಪೋರ್ಚುಗೀಸರ ಕಾಲದಲ್ಲೇ ಬಸರೂರಿನ ಅಕ್ಕಿ ಗೋವೆಗೂ ಹೊರ್ಮುಜ್‌ಗೂ ಹೋಗುತ್ತಿತ್ತೆಂಬುದು ಚೆನ್ನಾಗಿ ದಾಖಲಾದ ಸಂಗತಿ. ನಾರು ಮತ್ತು ಅಕ್ಕಿಯ ಈ ವಿನಿಮಯವೇ ದ್ವೀಪಕ್ಕೂ ಕರಾವಳಿಗೂ ಇದ್ದ ಗಟ್ಟಿ ನಂಟು. 1847ರ ಏಪ್ರಿಲ್‌ನ ಚಂಡಮಾರುತ ಕಲ್ಪೇನಿ, ಆಂದ್ರೋತ್‌ಗಳೊಂದಿಗೆ ನಮ್ಮ ಜಿಲ್ಲೆಯ ಕಿಲ್ತಾನನ್ನೂ ಬಡಿದಾಗ ತೆಂಗು ಮಾತ್ರ ಉರುಳಲಿಲ್ಲ, ಅಕ್ಕಿಯ ದಾರಿಯೂ ಮುಚ್ಚಿತು.

ಈಗ ನಿರ್ಜನ ದ್ವೀಪದ ವಿಷಯ. ಬಿತ್ರಾದ ನೆಲ ಕೇವಲ 0.105 ಚದರ ಕಿಲೋಮೀಟರ್, ಅಂದರೆ ಇಪ್ಪತ್ತಾರು ಎಕರೆ. ಬಾರ್ಕೂರು ಕಡೆಯ ಒಂದು ಹಳೆಯ ಮನೆತನದ ಗದ್ದೆ-ತೋಟ ಸೇರಿಸಿದರೆ ಅಷ್ಟಾದೀತು. ಆದರೆ ಆ ತುಣುಕು ಕುಳಿತಿರುವ ಹವಳದ ಉಂಗುರದೊಳಗಿನ ತಿಳಿನೀರಿನ ವಿಸ್ತಾರ ಸುಮಾರು 45 ಚದರ ಕಿಲೋಮೀಟರ್. 1835ರವರೆಗೂ ಅಲ್ಲಿ ಮನುಷ್ಯರ ಮನೆ ಇರಲಿಲ್ಲ. ಇದ್ದದ್ದು ಕಡಲಹಕ್ಕಿಗಳ ಸಂತೆ. ಹಕ್ಕಿ ಗೂಡುಕಟ್ಟುವ ಕಾಲಕ್ಕೆ ಸುತ್ತಲ ದ್ವೀಪಗಳವರು ಓಡಗಳಲ್ಲಿ ಬಂದು ಹಕ್ಕಿಗಳನ್ನು ಸೂರೆ ಮಾಡಿ ಹಿಂತಿರುಗುತ್ತಿದ್ದರು. 1835ರ ಸುಮಾರಿಗೆ ಚೆತ್ಲತ್‌ನ ಮುದುಕಿಯೊಬ್ಬಳು ಮಗನೊಂದಿಗೆ ಬಂದು ನೆಲೆಸಿದಳೆಂದು ಹೇಳಿಕೆ. ನಿಜವಾದ ವಸತಿ ಬೆಳೆದದ್ದು 1945ರಿಂದ. ಅಷ್ಟರವರೆಗೂ ಅಲ್ಲಿಗೆ ಭೇಟಿ ಕೊಡುವುದೆಂದರೆ ಹೊಟ್ಟೆಪಾಡಿನ ಕೆಲಸ, ಇಲ್ಲವೇ ದ್ವೀಪದಲ್ಲಿರುವ ಮಲಿಕ್ ಮುಲ್ಲಾ ಎಂಬ ಸಂತನ ಗೋರಿಗೆ ಸಲ್ಲಿಸುವ ಹರಕೆ. ನೋಡಲೆಂದೇ ಬಂದವರು ಕಡಿಮೆ: ಅಳತೆಯ ನೌಕೆಗಳವರು, 1875ರಲ್ಲಿ ಈ ಕಡಲಲ್ಲಿ ಸುತ್ತಿ ಮರುವರ್ಷ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಹಕ್ಕಿಗಳ ಬಗ್ಗೆ ಬರೆದ ಎ. ಒ. ಹ್ಯೂಮ್ ಅಂಥವರು.

ನಮ್ಮ ತೀರದ ಹತ್ತಿರವೇ ಇಂಥ ಹವಳದುಂಗುರ ಏಕಿಲ್ಲ? ಉತ್ತರ ಕಡಲ ತಳದಲ್ಲೂ ಇದೆ, ನಮ್ಮ ನದಿಗಳಲ್ಲೂ ಇದೆ. 1842ರಲ್ಲಿ ಡಾರ್ವಿನ್ ಹೇಳಿದಂತೆ, ಜ್ವಾಲಾಮುಖಿ ದ್ವೀಪ ನಿಧಾನವಾಗಿ ಮುಳುಗುತ್ತಾ ಹೋದಂತೆ ಅಂಚಿನ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ. ಕೊನೆಗೆ ನಡುವಿನ ಬೆಟ್ಟ ಕಾಣೆಯಾಗಿ ಉಂಗುರ ಮಾತ್ರ ಉಳಿಯುತ್ತದೆ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟೋಕ್‌ನಲ್ಲಿ ಕೊರೆದಾಗ ಸಾವಿರದ ಇನ್ನೂರು ಮೀಟರಿಗೂ ಹೆಚ್ಚಿನ ಸುಣ್ಣದ ಪದರದ ಕೆಳಗೆ ಜ್ವಾಲಾಮುಖಿ ಕಲ್ಲು ಸಿಕ್ಕಿ ಈ ಮಾತು ದೃಢವಾಯಿತು. ಲಕ್ಷದ್ವೀಪ ನಿಂತಿರುವುದು ಕಡಲಡಿಯ ಚಾಗೋಸ್-ಲಕ್ಕದೀವ್ ಏಣಿನ ಮೇಲೆ. ಅದನ್ನು ಮೂಡಿಸಿದ್ದು ರೀಯೂನಿಯನ್ ತಪ್ತಬಿಂದು. ಬ್ರಹ್ಮಾವರದ ತೆಂಕಣಕ್ಕೆ ತೋನ್ಸೆಪಾರ್ ಎಂದು ಕರೆಸಿಕೊಳ್ಳುವ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳೂ ಜ್ವಾಲಾಮುಖಿಯವೇ, ಆದರೆ ಕಥೆ ಬೇರೆ: ಮಡಗಾಸ್ಕರ್ ಭಾರತದಿಂದ ಬಿಡಿಸಿಕೊಂಡ ಕಾಲದ, ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ ಹಿಂದಿನ ಕಲ್ಲು ಅದು.

ಇನ್ನು ನದಿಗಳು. ಹವಳಕ್ಕೆ ಉಪ್ಪುನೀರು, ಬಿಸುಪು, ತಿಳಿಯಾದ ಬೆಳಕು ಮೂರೂ ಬೇಕು. ಆಷಾಢದಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ನಿಂತು ನೋಡಿದವರಿಗೆ ಬೇರೆ ವಿವರಣೆ ಬೇಡ. ಸೌಪರ್ಣಿಕೆ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಒಂದೇ ಬಾಯಿಯಲ್ಲಿ ಕೆಮ್ಮಣ್ಣು ತಂದು ಸುರಿಯುತ್ತವೆ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಅದನ್ನೇ ಮಾಡುತ್ತವೆ. ಈ ಹೂಳೇ ನಮಗೆ ಉಪ್ಪಿನಕುದ್ರುವಿನಂಥ ಹಸಿರು ಕುದ್ರುಗಳನ್ನು, ಅಂದರೆ ಹೊಳೆಯ ನಡುಗಡ್ಡೆಗಳನ್ನು, ಕೊಟ್ಟಿದೆ, ಹವಳವನ್ನು ದೂರ ಇಟ್ಟಿದೆ. ಕುದ್ರು ಮಣ್ಣಿನಿಂದ ಬೆಳೆಯುತ್ತದೆ, ಹವಳ ದ್ವೀಪ ಮಣ್ಣಿಲ್ಲದ ಕಡೆ ಬೆಳೆಯುತ್ತದೆ.

ನೇತ್ರಾಣಿ ಇವೆರಡರ ನಡುವಿನದು. ಅದು ಹವಳದುಂಗುರವಲ್ಲ, ಕಡಿದಾದ ಕಲ್ಲುಗುಡ್ಡ. ಆದರೆ ಅಳಿವೆಗಳಿಂದ ದೂರವಿರುವುದರಿಂದ ಅದರ ಬುಡದ ನೀರಿನಲ್ಲಿ ಹವಳ ಅಂಟಿಕೊಂಡು ಬೆಳೆದಿದೆ. ಮುರುಡೇಶ್ವರದಿಂದ ಹೋದರೆ ಸುಮಾರು ಹತ್ತು ನಾಟಿಕಲ್ ಮೈಲಿ. ಹತ್ತಿರವಾದಂತೆ ಮೊದಲು ಕಣ್ಣಿಗೆ ಬೀಳುವುದು ಬಂಡೆಯ ಮೇಲಿನ ಬಿಳಿಯ ಹಿಕ್ಕೆಯ ಗೆರೆಗಳು. ಆಮೇಲೆ ಎತ್ತರದಲ್ಲಿ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು. ದೋಣಿ ಎಳೆದು ಹಾಕಲು ಮರಳಿನ ದಂಡೆಯಿಲ್ಲ. ಹತ್ತಬೇಕೆಂದವನು ಅಲೆ ಏರಿದ ಕ್ಷಣ ನೋಡಿ ಬಂಡೆಗೆ ಹಾರಬೇಕು. ಈಗ ಡೈವಿಂಗಿಗೆಂದು ಬರುವವರು ದೋಣಿಯಿಂದ ನೇರ ನೀರಿಗಿಳಿದು, ನೆಲ ಮುಟ್ಟದೆ ಮರಳುತ್ತಾರೆ.

ಮೀನುಗಾರರ ಭೇಟಿ ಹಾಗಲ್ಲ. ಅವರು ಹರಕೆ ಹೊತ್ತು ಹೋಗುತ್ತಿದ್ದರು. ದ್ವೀಪದ ಒಡೆಯ ಜಟ್ಟಿಗನೆಂಬ ದೈವ. ಅವನಿಗೆ ಕೋಳಿ, ಆಡು ಸಲ್ಲಬೇಕು. ಹರಕೆಗೆಂದು ಬಿಟ್ಟ ಆಡುಗಳು ಅಲ್ಲೇ ಕಾಡಾಡಾಗಿ ಬೆಳೆದದ್ದೂ ಉಂಟು. ಇಲ್ಲಿ ಕುಂದಾಪುರದ ಓದುಗರು ಕಿವಿ ನಿಮಿರಿಸಬೇಕು. ಜಟ್ಟಿಗ ನಮಗೆ ಹೊಸಬನಲ್ಲ. ಹಾಯ್ಗುಳಿ, ಚಿಕ್ಕು, ಬೊಬ್ಬರ್ಯರ ಸಾಲಿನಲ್ಲಿ ಅವನ ಗುಡಿ ಬೈಂದೂರು-ಕುಂದಾಪುರದ ಊರೂರಲ್ಲಿದೆ. ಕಡಲ ಸಾಹುಕಾರನಾದ ಮುಸ್ಲಿಮನ ಮಗನೆಂದು ಕಥೆಯುಳ್ಳ ಬೊಬ್ಬರ್ಯ ದಂಡೆಯಲ್ಲಿ ಮೊಗವೀರರನ್ನು ಕಾಯುವಂತೆ, ಜಟ್ಟಿಗ ಕಡಲ ನಡುವಿನ ಬಂಡೆಯನ್ನು ಕಾಯುತ್ತಾನೆ. ಪ್ರಾಂತ್ಯದ ಗಡಿ ಶಿರೂರಿನ ಬಡಗಿಗೆ ನಿಂತರೂ ದೈವದ ಗಡಿ ನಿಲ್ಲಲಿಲ್ಲ. ಜನರಿಲ್ಲದ ಗುಡ್ಡವೊಂದು ಊರಿನ ದೈವಗಳ ವ್ಯವಸ್ಥೆಯೊಳಗೆ ಸ್ಥಾನ ಪಡೆದಿದೆ ಎಂದ ಮೇಲೆ ಅದನ್ನು ನಿರ್ಜನ ಎನ್ನುವುದು ಕಂದಾಯ ಇಲಾಖೆಯ ಮಾತಷ್ಟೇ.

ಆ ಮಾತಿಗೆ ಪರಿಣಾಮವೂ ಇದೆ. ಯಾರೂ ಇಲ್ಲವೆಂದ ಮೇಲೆ ಏನು ಬೇಕಾದರೂ ಮಾಡಬಹುದೆಂಬ ತರ್ಕ ಬರುತ್ತದೆ. ನೌಕಾಪಡೆ ನೇತ್ರಾಣಿಯನ್ನು ಗುರಿ ಅಭ್ಯಾಸಕ್ಕೆ ಬಳಸಿತು. ಅದನ್ನು ಜೀವವೈವಿಧ್ಯದ ತಾಣವಾಗಿ ಕಾಪಾಡಬೇಕೆಂಬ ಒತ್ತಾಯ ತಡವಾಗಿ ಬಂತು. ದೇಶ ರಕ್ಷಣೆಯ ಅಗತ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಕಡಲ ಹದ್ದು ಗೂಡುಕಟ್ಟುವ ಬಂಡೆ ಗುರಿ ಅಭ್ಯಾಸಕ್ಕೆ ತಕ್ಕ ಜಾಗವಲ್ಲ. ಲಕ್ಷದ್ವೀಪದ ಕಡೆ ಬೇರೆ ಅಪಾಯ: 1998, 2010, 2016ರಲ್ಲಿ, ಮತ್ತೆ 2024ರಲ್ಲಿ ನೀರು ಕಾದು ಹವಳ ಬಿಳಿಚಿತು. ಬಂಗಾರಂ ಉಂಗುರದಲ್ಲಿದ್ದ ಪರಳಿ-1 ಎಂಬ ನಿರ್ಜನ ದ್ವೀಪ ಕಡಲ್ಕೊರೆತಕ್ಕೆ ಸಿಕ್ಕಿ ಪೂರ್ತಿ ಕಾಣೆಯಾಗಿರುವುದು 2017ರಲ್ಲಿ ಅಧ್ಯಯನದಿಂದ ಖಚಿತವಾಯಿತು. ಯಾರೂ ಇಲ್ಲದ ನೆಲ ಹೋದರೆ ಅಳುವವರು ಇರುವುದಿಲ್ಲ.

ಕರಾವಳಿಯ ಕನ್ನಡ ಸಾಹಿತ್ಯ ಕಡಲನ್ನು ಬಹುತೇಕ ದಂಡೆಯಿಂದಲೇ ಕಂಡಿದೆ. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಮನೆಯ ಹಿತ್ತಲವರೆಗೂ ಬರುತ್ತದೆ, ಆದರೆ ಹೆಸರೇ ಹೇಳುವಂತೆ ಕಥೆ ಹೊರಳುವುದು ಮಣ್ಣಿಗೆ. ಅದು ಕಾರಂತರ ಕೊರತೆಯಲ್ಲ, ಗದ್ದೆಯಿದ್ದವರ ಲೋಕ ಅದು. ಕಡಲೊಳಗಿನ ದಾರಿ ಗೊತ್ತಿದ್ದವರು ಬೇರೆ: ಮೊಗವೀರರು, ಖಾರ್ವಿಗಳು, ಶಿರೂರು ಗಂಗೊಳ್ಳಿಗಳ ನಾಖುದಾ ಮನೆತನಗಳವರು. ಅವರ ನೆನಪು ಬರಹಕ್ಕೆ ಇಳಿದದ್ದು ತೀರ ಕಡಿಮೆ.

ದ್ವೀಪಕ್ಕೂ ಕರಾವಳಿಗೂ ಇದ್ದ ಈ ನಂಟಿನ ಸಂಶೋಧನೆಗೆ ಎರಡು ಆಕರಗಳಿವೆ. ಸ್ಟರಾಕ್ ಮತ್ತು ಸ್ಟುವರ್ಟ್ ಸಿದ್ಧಪಡಿಸಿದ 1894-95ರ ‘ಸೌತ್ ಕೆನರಾ’ ಕೈಪಿಡಿಯನ್ನು ಕುಂದಾಪುರಕ್ಕೆಂದು ತೆರೆಯುವ ನಮ್ಮವರು ಅಮೀನ್‌ದಿವಿಯ ಪುಟಗಳನ್ನೂ ಬಿಡದೆ ಓದಬೇಕು. ಎರಡನೆಯ ಆಕರ ಮನೆಗಳಲ್ಲಿದೆ. ಗಂಗೊಳ್ಳಿ, ಶಿರೂರು, ಕೋಡಿಬೆಂಗ್ರೆ, ಹಂಗಾರಕಟ್ಟೆಗಳಲ್ಲಿ ಹಾಯಿಯ ಮಂಜಿ, ಮಚ್ವೆಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ. ಸರಕಿನ ಪಟ್ಟಿ, ಬಂದರಿನ ರಸೀದಿ, ಜಟ್ಟಿಗನಿಗೆ ಹೇಳಿಕೊಂಡ ಹರಕೆಯ ಲೆಕ್ಕ, ಏನೇ ಇರಲಿ, ಹಳೆಯ ಪೆಟ್ಟಿಗೆಯಲ್ಲಿದ್ದರೆ ಗೆದ್ದಲು ಹಿಡಿಯುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಮ್ಮೆ ತೋರಿಸಬೇಕೆಂದು ಆ ಮನೆಯವರಲ್ಲಿ ಕೋರುತ್ತೇನೆ.